‘ಓದುಗರ ಗಮನ ಸೆಳೆಯುತ್ತದೆ’: ಒಬ್ಬ ವಿದ್ಯಾರ್ಥಿನಿಯ ಪ್ರಕರಣ

ಒಂದೇ ಉತ್ತರ ಪತ್ರಿಕೆಯಲ್ಲಿ ಒಂದೇ ವಾಕ್ಯ ಆರು ಸಲ ಬಂದಿತ್ತು. ಕವಿತೆಯ ಉತ್ತರದಲ್ಲಿ ಎರಡು ಸಲ, ನಾಟಕದ ಉತ್ತರದಲ್ಲಿ ಒಂದು ಸಲ, ಭಾಷಣದ ತುಣುಕಿನ ಮೇಲೆ ಬರೆದದ್ದರಲ್ಲಿ ಮೂರು ಸಲ. ‘ಇದು ಓದುಗರ ಗಮನ ಸೆಳೆಯುತ್ತದೆ.’ ಇಂಗ್ಲಿಷಿನಲ್ಲಿ ಬರೆದದ್ದು. ಕಾಗುಣಿತ ಸರಿ, ವ್ಯಾಕರಣ ಸರಿ, ಅಕ್ಷರ ದುಂಡಗೆ. ಅಂಕ ಮಾತ್ರ ಅರ್ಧದ ಆಸುಪಾಸಿನಲ್ಲೇ ನಿಂತಿತ್ತು.

ಆ ಹುಡುಗಿಯ ಜೊತೆ ಸುಮಾರು ಒಂದು ವರ್ಷ ಕೆಲಸ ಮಾಡಿದೆ. ಅದರ ಕಥೆ ಇದು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಯಾರೆಂದು ಗೊತ್ತಾಗುವ ವಿವರಗಳನ್ನೆಲ್ಲ ಬಿಟ್ಟಿದ್ದೇನೆ.

ಹಿನ್ನೆಲೆ

ಹದಿನೈದು ವರ್ಷದ ಹುಡುಗಿ. ಮನೆಮಾತು ಕನ್ನಡ, ಓದು ಇಂಗ್ಲಿಷಿನಲ್ಲಿ. ದಪ್ಪ ದಪ್ಪ ಕಾದಂಬರಿಗಳನ್ನು ವಾರಕ್ಕೊಂದರಂತೆ ಮುಗಿಸುವವಳು. ಕಥೆ ಹೇಳು ಅಂದರೆ ಎಲ್ಲಿ ತಿರುವು ಬಂತು, ಯಾರು ಸುಳ್ಳು ಹೇಳಿದರು ಅಂತ ಚಕಚಕನೆ ಹೇಳುತ್ತಾಳೆ. ಅಂದರೆ ಓದಲು ಬರುವುದಿಲ್ಲ ಅನ್ನುವ ಹಾಗೇ ಇರಲಿಲ್ಲ. ಆದರೆ ಪಠ್ಯದ ಕವಿತೆ ಎದುರಿಗೆ ಬಂದ ಕೂಡಲೇ ಅವಳು ಬೇರೆಯವಳೇ ಆಗಿಬಿಡುತ್ತಿದ್ದಳು. ಬೆನ್ನು ನೆಟ್ಟಗೆ, ಪೆನ್ಸಿಲ್ ಕೈಗೆ. ಇಲ್ಲೊಂದು ಮೆಟಾಫರ್ (ರೂಪಕ), ಇಲ್ಲೊಂದು ಅಲಿಟರೇಷನ್ (ಅನುಪ್ರಾಸ), ಇಲ್ಲಿ ರಿಪಿಟಿಷನ್ (ಪುನರಾವರ್ತನೆ) ಅಂತ ಅಡಿಗೆರೆ ಎಳೆಯುತ್ತಾ ಹೋಗುತ್ತಿದ್ದಳು. ಎಳೆದದ್ದರಲ್ಲಿ ತಪ್ಪಿಲ್ಲ, ಎಲ್ಲವೂ ಅಲ್ಲಿ ಇದ್ದವೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ ಅಡಿಗೆರೆಯ ಅಭ್ಯಾಸ ನಾನು ಕೊಟ್ಟದ್ದು. ಎರಡು ವರ್ಷ ಹಿಂದೆ ಅವಳ ತರಗತಿಗೆ ಪಾಠ ಮಾಡುವಾಗ ಅಲಂಕಾರಗಳ ಪಟ್ಟಿಯೊಂದನ್ನು ಹಂಚಿದ್ದೆ. ಹೆಸರು, ಲಕ್ಷಣ, ಉದಾಹರಣೆ, ಕೊನೆಯ ಕಾಲಂನಲ್ಲಿ ‘ಪರಿಣಾಮ’. ಆ ಕಾಲಂನಲ್ಲಿ ಅರ್ಧಕ್ಕರ್ಧ ಕಡೆ ‘ಗಮನ ಸೆಳೆಯುತ್ತದೆ’, ಉಳಿದರ್ಧ ‘ಓದುಗರನ್ನು ಯೋಚಿಸುವಂತೆ ಮಾಡುತ್ತದೆ’. ಅವಳು ಪಾಪ ಅದನ್ನು ಮಕ್ಕೀಕಾಮಕ್ಕಿ ಇಳಿಸಿದ್ದಳು, ಅಷ್ಟೇ.

ತೊಡಕು ಏನು ಅಂತ ತಿಳಿಯಲು ಹಿಡಿದ ಸಮಯ

ಮೊದಲು ನನಗನಿಸಿದ್ದು, ಇವಳಿಗೆ ಬರವಣಿಗೆಯ ಕ್ರಮ ಗೊತ್ತಿಲ್ಲ ಅಂತ. ಹಾಗಾಗಿ ಎಲ್ಲ ಇಂಗ್ಲಿಷ್ ಮೇಷ್ಟರುಗಳೂ ಮಾಡುವುದನ್ನೇ ಮಾಡಿದೆ. ಪಾಯಿಂಟ್, ಎವಿಡೆನ್ಸ್, ಎಕ್ಸ್‌ಪ್ಲನೇಷನ್ ಎಂಬ ಮೂರು ಮೆಟ್ಟಿಲಿನ ಸೂತ್ರ: ಒಂದು ಮಾತು ಹೇಳು, ಪಠ್ಯದಿಂದ ಸಾಕ್ಷಿ ಕೊಡು, ವಿವರಿಸು. ಆರು ವಾರ ಇದೇ ನಡೆಯಿತು. ಉತ್ತರಗಳು ನೋಡಲು ಚಂದವಾದವು. ಪ್ಯಾರಾಗಳು ಇಟ್ಟಿಗೆ ಜೋಡಿಸಿದ ಹಾಗೆ ಕೂತವು. ಮೂರನೇ ಮೆಟ್ಟಿಲಿನಲ್ಲಿ ಏನಿತ್ತು? ‘ಇದು ಓದುಗರ ಗಮನ ಸೆಳೆಯುತ್ತದೆ.’

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ವಿವರಿಸು ಅಂದರೆ ಏನು ಮಾಡಬೇಕು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಕೆಲಸಕ್ಕೆ ನಾನು ಒಂದು ಖಾಲಿ ಡಬ್ಬಿ ಕೊಟ್ಟು ತುಂಬು ಅಂದಿದ್ದೆ.

ಎರಡನೇ ಪ್ರಯತ್ನವಾಗಿ ಕವಿತೆಯನ್ನು ಕನ್ನಡದಲ್ಲಿ ಹೇಳಿಸಿದೆ. ಇದು ಸ್ವಲ್ಪ ಕೆಲಸ ಮಾಡಿತು. ಕನ್ನಡದಲ್ಲಿ ಮಾತಾಡುವಾಗ ಅವಳು ‘ಗಮನ ಸೆಳೆಯುತ್ತದೆ’ ಅನ್ನುತ್ತಿರಲಿಲ್ಲ. ‘ಇವನಿಗೆ ಒಳಗೊಳಗೇ ಬೇಜಾರಿದೆ ಮಿಸ್’ ಅನ್ನುತ್ತಿದ್ದಳು. ಆದರೆ ಯಾವ ಪದದಿಂದ ಹಾಗನಿಸಿತು ಅಂದರೆ ಗೊತ್ತಿಲ್ಲ. ಅಂದರೆ ಅವಳಿಗೆ ಅರ್ಥ ಹೊಳೆಯುತ್ತಿತ್ತು, ಅಲಂಕಾರದ ಹೆಸರುಗಳೂ ಗೊತ್ತಿದ್ದವು. ಇವೆರಡರ ನಡುವೆ ಸೇತುವೆ ಇರಲಿಲ್ಲ. ತೊಡಕು ಇರುವುದು ಇಲ್ಲಿ ಅಂತ ನನಗೆ ತಿಳಿಯುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು.

‘ದೊಡ್ಡ ಮನುಷ್ಯರು’

ತಿರುವು ಬಂದದ್ದು ನಾಟಕದಲ್ಲಿ. ಷೇಕ್ಸ್‌ಪಿಯರ್ ಸುಮಾರು 1599ರಲ್ಲಿ ಬರೆದ ‘ಜೂಲಿಯಸ್ ಸೀಸರ್’, ಮೂರನೇ ಅಂಕದ ಎರಡನೇ ದೃಶ್ಯ. ರೋಮಿನ ನಾಯಕ ಸೀಸರನನ್ನು ಸಂಗಡಿಗರ ಜೊತೆ ಸೇರಿ ಕೊಂದ ಮೇಲೆ ಬ್ರೂಟಸ್ ಜನರಿಗೆ ಕಾರಣ ಹೇಳಿ ಹೊರಟುಹೋಗುತ್ತಾನೆ. ಆಮೇಲೆ ಸೀಸರನ ಗೆಳೆಯ ಆಂಟನಿ ಮಾತಾಡುತ್ತಾನೆ. ಬ್ರೂಟಸ್‌ನನ್ನು ‘ಆನರಬಲ್’, ಅಂದರೆ ಗೌರವಸ್ಥ, ಅಂತ ಮತ್ತೆ ಮತ್ತೆ ಕರೆಯುತ್ತಾನೆ.

ಅವಳ ಟಿಪ್ಪಣಿ ಹೀಗಿತ್ತು: ರಿಪಿಟಿಷನ್. ಗಮನ ಸೆಳೆಯುತ್ತದೆ.

ಆ ದಿನ ನನಗೂ ಸುಸ್ತಾಗಿತ್ತು. ಪಾಠ ಮಾಡುವ ಉತ್ಸಾಹ ಇರಲಿಲ್ಲ. ‘ಪುಸ್ತಕ ಮುಚ್ಚಬೇಡ, ಪೆನ್ಸಿಲ್ ಇಡು, ಸುಮ್ನೆ ಗಟ್ಟಿಯಾಗಿ ಓದು’ ಅಂದೆ. ಯೋಜನೆ ಅಂತ ಏನೂ ಇರಲಿಲ್ಲ. ಅವಳು ಓದಿದಳು. ಮೊದಲ ಸಲ ಆ ಪದ ಬಂದಾಗ ಗೌರವದಿಂದಲೇ ಓದಿದಳು. ಎರಡನೇ ಸಲ ಬರುವ ಹೊತ್ತಿಗೆ ಆಂಟನಿ ತನ್ನ ಗೆಳೆಯ ಎಷ್ಟು ನಿಷ್ಠೆಯವನು ಅಂತ ಹೇಳಿರುತ್ತಾನೆ. ಮೂರನೇ ಸಲಕ್ಕೆ ಮುಂಚೆ, ಬಡವರು ಅತ್ತಾಗ ಸೀಸರ್ ಕೂಡ ಅತ್ತ ಅಂದಿರುತ್ತಾನೆ. ನಾಲ್ಕನೇ ಸಲಕ್ಕೆ ಮುಂಚೆ, ಮೂರು ಸಲ ಕೊಟ್ಟ ಕಿರೀಟವನ್ನು ಸೀಸರ್ ಮೂರು ಸಲವೂ ಬೇಡ ಅಂದ ಕಥೆ. ಆ ನಾಲ್ಕನೇ ಸಲ ಸಾಲಿನೊಳಗೆ ‘ಷೂರ್’ (ಖಂಡಿತ) ಅನ್ನುವ ಒಂದು ಚಿಕ್ಕ ಪದ ಹೊಸದಾಗಿ ನುಸುಳುತ್ತದೆ. ಅವಳು ಅಲ್ಲಿಗೆ ಬಂದವಳೇ ನಿಂತು ನಕ್ಕುಬಿಟ್ಟಳು.

‘ಮಿಸ್, ಇದು ನಮ್ಮಜ್ಜಿ ಅಂತಾರಲ್ಲ, ಆ ಥರ. ಅಯ್ಯೋ ಅವರು ಬಿಡಪ್ಪಾ, ದೊಡ್ಡ ಮನುಷ್ಯರು!’

ಕನ್ನಡದಲ್ಲಿ ‘ದೊಡ್ಡ ಮನುಷ್ಯರು’ ಅಂದರೆ ಯಾವಾಗ ಹೊಗಳಿಕೆ, ಯಾವಾಗ ಬೈಗುಳ ಅಂತ ಯಾರೂ ನಮಗೆ ಹೇಳಿಕೊಡುವುದಿಲ್ಲ. ಅದು ಎಲ್ಲಿ, ಯಾರ ಬಗ್ಗೆ, ಯಾವ ಮಾತಿನ ಬೆನ್ನಿಗೆ ಬಂತು ಅನ್ನುವುದರಿಂದ ಗೊತ್ತಾಗುತ್ತದೆ. ಅವಳಿಗೆ ಹೊಳೆದದ್ದು ಇದೇ. ಆಂಟನಿ ಪದವನ್ನು ಬದಲಿಸುವುದಿಲ್ಲ, ಪದದ ಹಿಂದಿನ ಸಾಲನ್ನು ಬದಲಿಸುತ್ತಾ ಹೋಗುತ್ತಾನೆ. ಪದ ಅದೇ ಇದ್ದರೂ ನಾಲ್ಕನೇ ಸಲಕ್ಕೆ ತಲೆಕೆಳಗಾಗಿರುತ್ತದೆ. ಸ್ವಲ್ಪ ಮುಂದೆ ಗುಂಪಿನಲ್ಲಿದ್ದ ಒಬ್ಬ ಸಾಮಾನ್ಯ ಮನುಷ್ಯನೇ ಅವರು ದ್ರೋಹಿಗಳು ಅನ್ನುತ್ತಾನೆ, ‘ಆನರಬಲ್’ ಅನ್ನುವ ಪದವನ್ನು ಆಡಿಕೊಳ್ಳುವ ದನಿಯಲ್ಲಿ ಎಸೆಯುತ್ತಾನೆ. ಆಂಟನಿ ಬಾಯಿಬಿಟ್ಟು ಹೇಳದ್ದನ್ನು ಜನರೇ ಹೇಳಿಬಿಡುತ್ತಾರೆ.

ಇಲ್ಲಿ ನಾನೊಂದು ತೀರ್ಮಾನ ಮಾಡಬೇಕಿತ್ತು. ‘ಇದಕ್ಕೇ ಐರನಿ, ಅಂದರೆ ವ್ಯಂಗ್ಯ, ಅನ್ನುವುದು’ ಅಂತ ಹೆಸರಿಟ್ಟು ಮುಂದೆ ಹೋಗಬಹುದಿತ್ತು. ನಾಲಿಗೆ ತುದಿಯವರೆಗೂ ಬಂದಿತ್ತು. ಹೇಳಲಿಲ್ಲ. ಹೆಸರು ಸಿಕ್ಕ ಕೂಡಲೇ ಅವಳು ಯೋಚನೆ ನಿಲ್ಲಿಸುತ್ತಾಳೆ ಅಂತ ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ‘ನೀನು ಈಗ ನಕ್ಕಿದ್ದು ಯಾಕೆ ಅಂತ ಬರಿ’ ಅಂದೆ. ಒಂದೂವರೆ ಪುಟ ಬರೆದಳು. ಅದರಲ್ಲಿ ಅಲಂಕಾರದ ಹೆಸರು ಒಂದೂ ಇರಲಿಲ್ಲ. ‘ಗಮನ ಸೆಳೆಯುತ್ತದೆ’ಯೂ ಇರಲಿಲ್ಲ.

ಅವತ್ತಿನಿಂದ ಎರಡು ನಿಯಮ ಮಾಡಿಕೊಂಡೆವು. ಒಂದು, ಬೇರೆ ಯಾವ ಕವಿತೆಯ ಉತ್ತರದಲ್ಲಾದರೂ ಹಾಗೇ ಕೂರುವ ವಾಕ್ಯ ಇದ್ದರೆ ಹೊಡೆದುಹಾಕಬೇಕು. ಇನ್ನೊಂದು, ಪದದ ಜಾಗದಲ್ಲಿ ಬೇರೆ ಪದ ಇಟ್ಟು ನೋಡಬೇಕು. ‘ಷೂರ್’ ತೆಗೆದರೆ ಏನು ಹೋಗುತ್ತದೆ? ಆ ಹೋಗುವುದೇ ನೀನು ಬರೆಯಬೇಕಾದ ‘ಪರಿಣಾಮ’.

ಅದೇ ದೃಶ್ಯದಲ್ಲಿ ಅವಳು ನನಗಿಂತ ಮುಂದೆ ಹೋದ ಇನ್ನೊಂದು ಜಾಗವಿದೆ. ಆಂಟನಿ ಸೀಸರನ ಮೇಲುಹೊದಿಕೆ ಎತ್ತಿ ತೋರಿಸಿ, ಈ ತೂತು ಕ್ಯಾಸಿಯಸ್ ಇರಿದದ್ದು, ಇದು ಕ್ಯಾಸ್ಕ, ಇದು ಬ್ರೂಟಸ್ ಅನ್ನುತ್ತಾನೆ. ‘ಇವನಿಗೆ ಹೇಗೆ ಗೊತ್ತು ಮಿಸ್? ಇವನು ಅಲ್ಲಿ ಇರಲೇ ಇಲ್ವಲ್ಲ?’ ನಿಜ. ಹಿಂದಿನ ದೃಶ್ಯದಲ್ಲಿ ಸಂಚುಗಾರರಲ್ಲೊಬ್ಬನಾದ ಟ್ರೆಬೋನಿಯಸ್ ಅವನನ್ನು ಉಪಾಯವಾಗಿ ಹೊರಗೆ ಕರೆದುಕೊಂಡು ಹೋಗಿರುತ್ತಾನೆ. ಜನ ಅದನ್ನು ಕೇಳುವುದಿಲ್ಲ, ಅಳುತ್ತಾರೆ. ಖುಷಿಯಾಗಿ ನಾನು ಒಂದು ಮಾತು ಸೇರಿಸಿದೆ: ಅದೇ ಹೊದಿಕೆಯನ್ನು ಸೀಸರ್ ಮೊದಲು ಹೊದ್ದದ್ದು ನೆರ್ವಿಯರೆಂಬ ಬುಡಕಟ್ಟಿನವರನ್ನು ಗೆದ್ದ ದಿನ, ತನಗೆ ನೆನಪಿದೆ ಅಂತ ಆಂಟನಿ ಹೇಳುತ್ತಾನೆ. ಇತಿಹಾಸದಲ್ಲಿ ಆ ಗೆಲುವು ಕ್ರಿ.ಪೂ. 57ರದ್ದು, ಆಂಟನಿ ಸೀಸರನ ಸೈನ್ಯ ಸೇರಿದ್ದು ಅದಾದ ಮೇಲೆ. ಆದರೆ ಉತ್ತರದಲ್ಲಿ ಇದನ್ನು ಆಧಾರ ಮಾಡಿಕೊಳ್ಳಬೇಡ ಅಂದೆ, ನಾಟಕ ಇದನ್ನು ಹೇಳುವುದಿಲ್ಲವಲ್ಲ. ತೂತಿನ ವಿಷಯ ಹಾಗಲ್ಲ, ಅದಕ್ಕೆ ಸಾಕ್ಷಿ ನಾಟಕದೊಳಗೇ ಇದೆ.

ನಾನು ಸಿಕ್ಕಿಬಿದ್ದ ಕವಿತೆ

ಇದರ ಬೆನ್ನಿಗೇ ಬಂದದ್ದು ರಾಬರ್ಟ್ ಫ್ರಾಸ್ಟ್ ಬರೆದ ‘ದಿ ರೋಡ್ ನಾಟ್ ಟೇಕನ್’. ಕವಿಯ 1916ರ ಸಂಕಲನದ ಮೊದಲ ಕವಿತೆ. ಕಾಡಿನಲ್ಲಿ ದಾರಿ ಎರಡಾಗಿ ಕವಲೊಡೆದಾಗ ಒಂದನ್ನು ಹಿಡಿದವನು ಹೇಳುವ ಮಾತು. ಹತ್ತಾರು ಸಲ ಪಾಠ ಮಾಡಿದ್ದೆ. ‘ಎಲ್ಲರೂ ಹೋಗುವ ದಾರಿ ಬಿಟ್ಟು ನಿನ್ನದೇ ದಾರಿ ಹಿಡಿ, ಇದು ಕವಿಯ ಸಂದೇಶ’ ಅಂತ ಶುರು ಮಾಡಿದೆ.

‘ಆದರೆ ಎರಡೂ ದಾರಿ ಒಂದೇ ಥರ ಸವೆದಿತ್ತು ಅಂತ ಇಲ್ಲಿ ಇದೆಯಲ್ಲ ಮಿಸ್?’

ಇದೆ. ಎರಡನೇ ಪದ್ಯದ ಕೊನೆಯಲ್ಲಿ ಇದೆ. ಮೂರನೇ ಪದ್ಯದಲ್ಲಿ ಆ ಬೆಳಿಗ್ಗೆ ಎರಡರ ಮೇಲೂ ಎಲೆ ಸಮನಾಗಿ ಬಿದ್ದಿತ್ತು, ಯಾರೂ ತುಳಿದಿರಲಿಲ್ಲ ಅಂತ ಮತ್ತೆ ಇದೆ. ಕಡಿಮೆ ಜನ ಹೋದ ದಾರಿ ಹಿಡಿದೆ ಅನ್ನುವ ಮಾತು ಬರುವುದು ಕೊನೆಯ ಪದ್ಯದಲ್ಲಿ. ಅದೂ ಆವತ್ತಿನ ಮಾತಲ್ಲ, ಎಷ್ಟೋ ವರ್ಷ ಆದ ಮೇಲೆ ನಿಟ್ಟುಸಿರು ಬಿಟ್ಟು ತಾನು ಹೀಗೆ ಹೇಳಿಕೊಳ್ಳುತ್ತೇನೆ ಅನ್ನುವ ಮಾತು. ‘ನಾನು’ ಅಂತ ಸಾಲಿನ ಕೊನೆಗೆ ನಿಂತು, ಮುಂದಿನ ಸಾಲಿನಲ್ಲಿ ಮತ್ತೆ ‘ನಾನು’ ಅಂತ ಶುರು ಮಾಡುತ್ತಾನೆ. ಕಥೆ ಕಟ್ಟುವವನು ಒಂದು ಕ್ಷಣ ತಡವರಿಸಿದ ಹಾಗೆ.

ಪರೀಕ್ಷೆಗೆ ಇದೆಲ್ಲ ಬೇಡ, ಸಂದೇಶ ಬರಿ ಅಂತ ಮುಚ್ಚಿಹಾಕುವುದು ಸುಲಭವಿತ್ತು. ಆದರೆ ಎರಡು ವಾರದ ಹಿಂದಷ್ಟೇ ಪದಕ್ಕೆ ನಿಷ್ಠೆಯಿಂದಿರು ಅಂತ ಹೇಳಿದವಳು ನಾನೇ. ‘ನೀನು ಹೇಳಿದ್ದು ಸರಿ, ನಾನು ಇಷ್ಟು ವರ್ಷ ಕೊನೆಯ ಮೂರು ಸಾಲನ್ನಷ್ಟೇ ಓದಿ ಪಾಠ ಮಾಡಿದ್ದೇನೆ’ ಅಂದೆ. ಸ್ವಲ್ಪ ನಾಚಿಕೆಯೂ ಆಯಿತು. ಆಮೇಲೆ ಕವಿತೆಯ ಹಿನ್ನೆಲೆ ಹೇಳಿದೆ. ಫ್ರಾಸ್ಟ್‌ಗೆ ಎಡ್ವರ್ಡ್ ಥಾಮಸ್ ಅನ್ನುವ ಕವಿಮಿತ್ರನಿದ್ದ. ಇಬ್ಬರೂ ಜೊತೆಗೆ ನಡೆಯಲು ಹೋದರೆ, ಯಾವ ದಾರಿ ಹಿಡಿದರೂ ಆ ಇನ್ನೊಂದರಲ್ಲಿ ಹೋಗಬೇಕಿತ್ತು ಅಂತ ಆಮೇಲೆ ಕೊರಗುತ್ತಿದ್ದವನು. ಅವನನ್ನು ಮೆಲ್ಲಗೆ ಕೆಣಕಲು ಬರೆದ ಕವಿತೆ ಇದು.

ಮೇಷ್ಟರು ತಪ್ಪಬಹುದು ಅಂತ ಗೊತ್ತಾದ ಮೇಲೆ ಅವಳ ಧೈರ್ಯ ಬೆಳೆಯಿತು. ಸ್ವಲ್ಪ ಜಾಸ್ತಿಯೇ ಬೆಳೆಯಿತು ಅನ್ನಬೇಕು. ಮುಂದಿನ ವಾರ ಬಂದು, ಮೊದಲ ಸಾಲಿನಲ್ಲಿ ಕಾಡು ಹಳದಿ ಬಣ್ಣದ್ದು, ಇಂಗ್ಲಿಷಿನಲ್ಲಿ ಹಳದಿ ಅಂದರೆ ಹೇಡಿತನ, ಆದ್ದರಿಂದ ಇವನು ಹೇಡಿ ಅಂತ ವಾದ ಮಾಡಿದಳು. ಎಲ್ಲದರಲ್ಲೂ ವ್ಯಂಗ್ಯ, ಎಲ್ಲದರಲ್ಲೂ ಗುಟ್ಟು. ಇದು ಈ ವಯಸ್ಸಿನ ಒಳ್ಳೆಯ ಓದುಗರಿಗೆಲ್ಲ ಬರುವ ಜ್ವರ. ಬೇಡ ಅಂತ ಬಾಯಿ ಮುಚ್ಚಿಸಿದರೆ ಮತ್ತೆ ಪಟ್ಟಿಗೇ ಹೋಗಿ ಕೂರುತ್ತಾಳೆ ಅನ್ನುವ ಭಯ ನನಗೆ. ‘ಇದೇ ಕವಿತೆಯಲ್ಲಿ ಇನ್ನೊಂದು ಸಾಕ್ಷಿ ತೋರಿಸು’ ಅಂತ ಮಾತ್ರ ಕೇಳಿದೆ. ಹುಡುಕಿದಳು. ಉದುರಿದ ಎಲೆ ಸಿಕ್ಕಿತು. ಹಳದಿ ಅಂದರೆ ಎಲೆ ಉದುರುವ ಕಾಲ ಅನ್ನುವುದಕ್ಕೆ ಎರಡನೇ ಸಾಕ್ಷಿ ಇತ್ತು, ಹೇಡಿತನಕ್ಕೆ ಇರಲಿಲ್ಲ. ತಾನೇ ಬಿಟ್ಟುಕೊಟ್ಟಳು, ಆದರೂ ಮುಖ ಸ್ವಲ್ಪ ಸಪ್ಪಗಾಯಿತು.

ಯೋಚಿಸದಂತೆ ಮಾಡುವ ಪ್ರಶ್ನೆ

ಮನವೊಲಿಸುವ ಬರವಣಿಗೆ ಅವಳಿಗೆ ಎಲ್ಲಕ್ಕಿಂತ ಬೇಸರದ ಭಾಗ. ಭಾಷಣದ ತುಣುಕು, ಸಂಪಾದಕರಿಗೆ ಪತ್ರ, ಕರಪತ್ರ. ಇಲ್ಲಿ ‘ಯೋಚಿಸುವಂತೆ ಮಾಡುತ್ತದೆ’ ಅನ್ನುವ ವಾಕ್ಯದ ರಾಜ್ಯಭಾರ. ರೆಟರಿಕಲ್ ಕ್ವೆಶ್ಚನ್, ಅಂದರೆ ಉತ್ತರ ಬಯಸದೆ ಕೇಳುವ ಪ್ರಶ್ನೆ, ಕಂಡರೆ ಸಾಕು, ಕೈ ತಾನಾಗಿ ಬರೆಯುತ್ತಿತ್ತು.

ಮತ್ತೆ ಬ್ರೂಟಸ್‌ನ ಹತ್ತಿರ ಹೋದೆವು. ಗುಲಾಮನಾಗಲು ಬಯಸುವಷ್ಟು ನೀಚ ಯಾರಿದ್ದೀರಿ, ಇದ್ದರೆ ಮಾತಾಡಿ, ಅವನಿಗೆ ಮಾತ್ರ ನಾನು ತಪ್ಪು ಮಾಡಿದ್ದೇನೆ ಅಂತ ಬ್ರೂಟಸ್ ಕೇಳುತ್ತಾನೆ. ಯಾರೂ ಇಲ್ಲ ಅನ್ನುತ್ತಾರೆ ಜನ. ಹಾಗಾದರೆ ನಾನು ಯಾರಿಗೂ ತಪ್ಪು ಮಾಡಿಲ್ಲ ಅಂತ ಅವನು ಮುಗಿಸುತ್ತಾನೆ. ಆ ಗುಂಪಿನಲ್ಲಿ ನೀನಿದ್ದು, ಕೊಂದದ್ದು ತಪ್ಪು ಅಂತ ಹೇಳಬೇಕಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು.

‘ಬಾಯಿ ಬಿಡೋಕೇ ಆಗಲ್ಲ ಮಿಸ್. ಬಿಟ್ಟರೆ ನಾನು ನೀಚಳು ಅಂತ ಒಪ್ಪಿಕೊಂಡ ಹಾಗೆ. ಇವನು ಯೋಚಿಸೋಕೆ ಬಿಡ್ತಾನೇ ಇಲ್ಲ.’

ನನ್ನ ಹಳೆಯ ಪಟ್ಟಿಯ ಕೊನೆಯ ಕಾಲಂ ಅಲ್ಲಿಗೆ ಸತ್ತುಹೋಯಿತು. ಕೆಲವು ಪ್ರಶ್ನೆ ನಿಜವಾಗಿಯೂ ಯೋಚನೆಗೆ ಹಚ್ಚುತ್ತವೆ. ಇನ್ನು ಕೆಲವು ಬಾಗಿಲು ಹಾಕುವುದಕ್ಕೇ ಇರುವುದು. ಯಾವುದು ಯಾವ ಥರದ್ದು ಅಂತ ಹೇಳುವುದೇ ಉತ್ತರ. ಇದಾದ ಮೇಲೆ ನಾನೇ ಒಂದು ಪುಟ್ಟ ಭಾಷಣ ಬರೆದು ಕೊಟ್ಟೆ, ಶಾಲೆಯಲ್ಲಿ ಫೋನ್ ನಿಷೇಧಿಸಬೇಕು ಅಂತ. ‘ನಮ್ಮ ಮಕ್ಕಳು ಹಾಳಾಗಲಿ ಅಂತ ಬಯಸುವವರು ಇಲ್ಲಿ ಯಾರಾದರೂ ಇದ್ದೀರಾ?’ ಅನ್ನುವ ಸಾಲು ಬೇಕೆಂದೇ ಸೇರಿಸಿದ್ದೆ. ಓದಿ, ‘ಬ್ರೂಟಸ್!’ ಅಂದಳು. ಭಾಷಣ ಶುರುವಾದಾಗ ‘ನಾನು’ ಇದ್ದದ್ದು ಮೂರನೇ ಪ್ಯಾರಾದಲ್ಲಿ ಯಾರನ್ನೂ ಕೇಳದೆ ‘ನಾವು’ ಆಗಿದೆ ಅಂತಲೂ ಹಿಡಿದಳು. ಅದು ನಾನು ಬೇಕೆಂದು ಮಾಡಿದ್ದಲ್ಲ.

ಅರಿಸ್ಟಾಟಲ್ ಹೇಳಿದ ಈಥೋಸ್, ಪೇಥೋಸ್, ಲೋಗೋಸ್ ಅನ್ನುವ ಮೂರು ದಾರಿಗಳನ್ನು, ಅಂದರೆ ಮಾತಾಡುವವನ ಮೇಲಿನ ನಂಬಿಕೆ, ಕೇಳುವವರ ಭಾವನೆ ಮತ್ತು ತರ್ಕ, ಕೊನೆಗೆ ಹೇಳಿಕೊಟ್ಟೆ. ಆ ಹೊತ್ತಿಗೆ ಅವಳಿಗೆ ಅವು ಬರೀ ಹೆಸರಾಗಿರಲಿಲ್ಲ, ಕಂಡದ್ದಕ್ಕೆ ಅಂಟಿಸುವ ಚೀಟಿಯಾಗಿದ್ದವು.

ಅಂಕ ಇಳಿಯಿತು

ಮುಂದಿನ ಪರೀಕ್ಷೆಯಲ್ಲಿ ಅಂಕ ಮೊದಲಿಗಿಂತ ಕಮ್ಮಿ ಬಂತು. ಆಂಟನಿಯ ಒಂದು ಪದದ ಮೇಲೆ ಎರಡು ಪುಟ ಬರೆದು, ಕರಪತ್ರದ ಪ್ರಶ್ನೆಗೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಗಂಟೆ ಹೊಡೆದಿತ್ತು. ಅವಳ ತಾಯಿ ಬಂದರು. ‘ಮೊದಲೇ ಚೆನ್ನಾಗಿತ್ತಲ್ಲ ಮೇಡಂ? ಆ ಪಟ್ಟಿನೇ ಕಲಿಸಿಬಿಡಿ’ ಅಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅಂಕ ಕಣ್ಣಿಗೆ ಕಾಣುವ ವಸ್ತು. ಎರಡೂ ಉತ್ತರ ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ಓದಿ ತೋರಿಸಿದೆ. ಇನ್ನೊಂದು ಪರೀಕ್ಷೆಯವರೆಗೆ ಕಾಯಿರಿ ಅಂತ ಕೇಳಿಕೊಂಡೆ. ಒಪ್ಪಿದರು, ಅರೆಮನಸ್ಸಿನಿಂದ.

ತಪ್ಪು ನನ್ನದೂ ಇತ್ತು. ಓದಲು ಕಲಿಸುವ ಉತ್ಸಾಹದಲ್ಲಿ ಗಡಿಯಾರ ಮರೆತಿದ್ದೆ. ಆಮೇಲೆ ಪ್ರತಿ ಪಠ್ಯಕ್ಕೆ ಮೂರೇ ಜಾಗ ಆರಿಸುವುದು, ಪ್ರತಿಯೊಂದಕ್ಕೂ ಒಂದೇ ಪ್ಯಾರಾ ಅಂತ ಕಟ್ಟುಮಾಡಿದೆವು. ಎಲ್ಲ ಕಡೆ ಏನೋ ಹೇಳುವುದಿದೆ ಅನಿಸುವಾಗ ಮೂರನ್ನು ಆರಿಸುವುದು ಅವಳಿಗೆ ಕಷ್ಟವಾಯಿತು. ಹಳೆಯ ಮೂರು ಮೆಟ್ಟಿಲಿನ ಸೂತ್ರ ಇಲ್ಲಿ ವಾಪಸ್ ಬಂತು. ಈ ಸಲ ತುಂಬಲು ಸಾಮಾನು ಇದ್ದದ್ದರಿಂದ ಡಬ್ಬಿ ಉಪಯೋಗಕ್ಕೆ ಬಂತು. ವರ್ಷದ ಕೊನೆಗೆ ಅವಳು ತರಗತಿಗೆ ಮೊದಲಿಗಳೇನೂ ಆಗಲಿಲ್ಲ. ಆದರೆ ಮುಂಚಿನ ಅಂಕಕ್ಕಿಂತ ಚೆನ್ನಾಗಿಯೇ ಮೇಲೆ ಬಂದಳು. ತಾಯಿ ಪಟ್ಟಿಯ ಮಾತು ಮತ್ತೆ ಎತ್ತಲಿಲ್ಲ.

ಈಗ ಏನು ಬದಲಾಗಿದೆ

ಅಲಂಕಾರಗಳ ಪಟ್ಟಿಯನ್ನು ನಾನು ಬಿಟ್ಟಿಲ್ಲ, ಆದರೆ ಕೊನೆಯ ಕಾಲಂ ಖಾಲಿ ಬಿಟ್ಟು ಹಂಚುತ್ತೇನೆ. ಮೊದಲ ಓದು ಗಟ್ಟಿಯಾಗಿ, ಪೆನ್ಸಿಲ್ ಇಲ್ಲದೆ. ಕವಿತೆ, ನಾಟಕ, ಭಾಷಣ ಅಂತ ಮೂರನ್ನು ಬೇರೆ ಬೇರೆ ತಿಂಗಳಲ್ಲಿ ಮಾಡುವ ಪದ್ಧತಿ ಬಿಟ್ಟೆ. ನಾಟಕದ ಭಾಷಣದಿಂದಲೇ ಅವಳಿಗೆ ಕರಪತ್ರ ಅರ್ಥವಾದದ್ದು ನೋಡಿದ ಮೇಲೆ ಗೋಡೆ ಯಾಕೆ ಬೇಕು ಅನಿಸಿತು. ಸೂತ್ರ ಕಲಿಸುವುದಿದ್ದರೆ ಹೇಳಲು ಮಾತು ಹುಟ್ಟಿದ ಮೇಲೆ ಕಲಿಸುತ್ತೇನೆ. ಇದು ಎಲ್ಲ ಮಕ್ಕಳಿಗೂ ನಡೆಯುತ್ತದೆ ಅಂತ ಹೇಳಲಾರೆ. ಇವಳು ಕಾದಂಬರಿ ಓದಿ ಬೆಳೆದವಳು, ಕಿವಿ ಆಗಲೇ ತಯಾರಿತ್ತು.

ಛಂದಸ್ಸು ಮಾತ್ರ ಇನ್ನೂ ಬಾಕಿ. ಬ್ರೂಟಸ್ ಗದ್ಯದಲ್ಲಿ ಮಾತಾಡುತ್ತಾನೆ, ಆಂಟನಿ ಪದ್ಯದಲ್ಲಿ. ಒಬ್ಬ ಲೆಕ್ಕ ಒಪ್ಪಿಸುತ್ತಾನೆ, ಇನ್ನೊಬ್ಬ ಕುಣಿಸುತ್ತಾನೆ ಅಂತ ಅವಳು ಬರೆದದ್ದು ನನಗೆ ಇಷ್ಟವಾಯಿತು. ಆದರೆ ಆ ಪದ್ಯದ ನಡೆ ಅವಳ ಕಿವಿಗೆ ಬೀಳುತ್ತಿಲ್ಲ. ಸಾಲಿಗೆ ಲಘು ಗುರು ಹಾಕಿ ತಂದಿದ್ದಳು. ಮಾತ್ರೆ ಎಣಿಸಿದರೆ ಒಂದು ಸಾಲೂ ಇನ್ನೊಂದಕ್ಕೆ ಹೊಂದುವುದಿಲ್ಲ, ಷೇಕ್ಸ್‌ಪಿಯರ್‌ಗೆ ಲೆಕ್ಕ ಬರುತ್ತಿರಲಿಲ್ವಾ ಅಂತ ಕೇಳಿದಳು. ಇಂಗ್ಲಿಷಿನಲ್ಲಿ ಅಕ್ಷರ ಎಷ್ಟು ಹೊತ್ತು ಎಳೆಯುತ್ತೇವೆ ಅನ್ನುವುದಲ್ಲ, ಎಲ್ಲಿ ಒತ್ತುತ್ತೇವೆ ಅನ್ನುವುದು ಲೆಕ್ಕ, ಸಾಲಿಗೆ ಐದು ಒತ್ತು ಅಂದೆ. ಮೇಜು ಕುಟ್ಟಿ ತೋರಿಸಿದೆ. ಅವಳೂ ಕುಟ್ಟಿದಳು, ಆರು ಬಂತು. ಇನ್ನೊಮ್ಮೆ ಕುಟ್ಟಿದರೆ ನಾಲ್ಕು. ಮುಂದಿನ ವಾರ ಮತ್ತೆ ಕುಟ್ಟೋಣ ಅಂತ ಹೇಳಿ ಕಳಿಸಿದ್ದೇನೆ.